ಬೈಗುಳದ ಪರೀಕ್ಷೆ

ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಂಗೆವ್ವ ಗಂಟಲಾಸ್ಪತ್ರೆಯ ಹಿಂಬದಿಯ ಕೋಣೆಗೆ ಬರುತ್ತಿದ್ದಳು. ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಸೊಸೆ ಪದ್ಮಾವತಿಯನ್ನು ಸರಿಯಾಗಿ ಹತ್ತು ನಿಮಿಷ ಬೈಯುತ್ತಿದ್ದಳು. ಮನೆಯಲ್ಲಿ ಬೈಯುವುದು ಬೇರೆ, ಅದು ದಿನಾ ಇದ್ದದ್ದೇ. ಇದು ಆಸ್ಪತ್ರೆಯ ಕೆಲಸ. ಪದ್ಮಾವತಿ ಎದುರಿಗೆ ಪರದೆ ನೋಡುತ್ತ ಕೂತಿರುತ್ತಿದ್ದಳು, ಅವಳ ಜೊತೆಗಾರ ಇಮ್ತಿಯಾಜ್ ಸವಣೂರ ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದ.

“ಶುರು ಮಾಡ್ರಿ ಅತ್ತಿ,” ಅಂದಳು ಪದ್ಮಾವತಿ.

“ಶುರು ಮಾಡೂದೇನ್ ಬಂತು, ನಿಲ್ಲಿಸಿದ್ದರ ಯಾವಾಗ? ನಿನ್ನಿ ಪುಂಡಿಪಲ್ಯಾ ಮಾಡಿದ್ದಿ, ಎಮ್ಮಿಗೆ ಇಟ್ಟರ ಎಮ್ಮಿ ಮಾರಿ ತಿರಿವಿತು! ಉಪ್ಪು ಹಾಕೂದು ನಿಮ್ಮವ್ವ ಕಲಿಸಿಲ್ಲೋ, ಉಪ್ಪಿನ ಡಬ್ಬಿನ ನಿನ್ನ ಕಂಡು ಓಡಿ ಹೋಗತೈತೋ? ಮೂವತ್ತ ವರ್ಷಾತು ಈ ಮನಿಗೆ ಬಂದು, ಇನ್ನೂ ಒಂದ ರೊಟ್ಟಿ ದುಂಡಗ ಬರಂಗಿಲ್ಲ. ಒಂದೊಂದ ರೊಟ್ಟಿ ಒಂದೊಂದ ಜಿಲ್ಲಾದ ನಕಾಶಿ! ಇಂಥಾಕಿ ಕೈಯಾಗ ನಾಕ ಸಾವಿರ ಮಂದಿ ಗಂಟಲಾ ಕೊಟ್ಟು ಕೂತಾರಲ್ಲ, ಅವರ ಹಣೇಬರಾ ಏನಂತೀನಿ…”

“ನಕಾಶಿ ಅಂದಾಗ ಸ್ವಲ್ಪ ತೊಡರಿತು,” ಅಂದ ಇಮ್ತಿಯಾಜ್. “ಇನ್ನೊಮ್ಮೆ ಅನ್ರಿ ಯವ್ವಾ.”

ತಂಗೆವ್ವ ಇನ್ನೊಮ್ಮೆ ಅಂದಳು, ಈ ಸಲ ಇಮ್ತಿಯಾಜನ ಮನೆಯ ರೊಟ್ಟಿಯನ್ನೂ ಸೇರಿಸಿ.

ನಗಬೇಡಿ. ಈ ಬೈಗುಳದ ಹಿಂದೆ ಮೂವತ್ತೊಂದು ವರ್ಷದ ಲೆಕ್ಕಾಚಾರವಿತ್ತು. ಅದು ತಂಬಾಕಿನ ಸೀಮೆ. ಬೀಡಿ ಕಟ್ಟಿದವರು, ತಂಬಾಕು ಕುಟ್ಟಿದವರು, ಜಗಿದವರು, ಸುಮ್ಮನೆ ಅದರ ಧೂಳು ಕುಡಿದವರು, ಎಷ್ಟೋ ಜನ ಗಂಟಲಿನ ಹುಣ್ಣಿಗೆ ಧ್ವನಿಪೆಟ್ಟಿಗೆಯನ್ನೇ ಕೊಯ್ಸಿಕೊಂಡು ಮೂಕರಾಗಿದ್ದರು. ಹೀಗೆ ಕೊಯ್ದ ಮೇಲೂ ಮಾತಾಡಬೇಕೆಂದಾಗ ಕತ್ತಿನ ಸ್ನಾಯುಗಳು ತಮ್ಮ ಪಾಡಿಗೆ ತಾವು ಅದುರುತ್ತವೆ. ಆ ಅದುರನ್ನು ಹಿಡಿದು ಮಾತು ಮಾಡಿದರೆ ಹೇಗೆ ಎಂದು ಒಬ್ಬ ಡಾಕ್ಟರಿಗೆ ಹೊಳೆಯಿತು. ಕೊರಳಿಗೊಂದು ಪಟ್ಟಿ ಬಂತು. ಪಟ್ಟಿ ಹಿಡಿದ ಅದುರು ಈ ಕೋಣೆಯ ಯಂತ್ರಗಳಿಗೆ ಬರುತ್ತಿತ್ತು. ಅಲ್ಲಿದ್ದ ‘ಉಲಿ’ ಎಂಬ ಸಾಫ್ಟ್‌ವೇರು ಅದನ್ನು ಆಯಾ ಮನುಷ್ಯನ ಹಳೆಯ ದನಿಯಲ್ಲೇ ಮಾತಾಗಿಸಿ, ಕಣ್ಣು ಮಿಟುಕಿಸುವುದರೊಳಗೆ ಪಟ್ಟಿಗೆ ವಾಪಸು ಕಳಿಸುತ್ತಿತ್ತು. ಎದುರಿಗಿದ್ದವರಿಗೆ ಮನುಷ್ಯನೇ ಮಾತಾಡಿದಂತೆ ಕೇಳುತ್ತಿತ್ತು. ಮನುಷ್ಯನೇ ಮಾತಾಡುತ್ತಿದ್ದ, ಅದರಲ್ಲಿ ಸಂಶಯವೇನು?

ಸಾಫ್ಟ್‌ವೇರು ಒಮ್ಮೆ ಕಟ್ಟಿಟ್ಟರೆ ಮುಗಿಯಿತು ಎಂದು ತಿಳಿದವರಿದ್ದಾರೆ. ಅದು ಮನೆಯಿದ್ದ ಹಾಗೆ. ವರ್ಷಾ ವರ್ಷ ಹೆಂಚು ಕೈಯಾಡಿಸದಿದ್ದರೆ ಸೋರುತ್ತದೆ. ಉಲಿಗೆ ತೇಪೆ ಹಚ್ಚದ ತಿಂಗಳೇ ಇರಲಿಲ್ಲ. ಎಲೆ-ಅಡಿಕೆ ಬಾಯಲ್ಲಿಟ್ಟು ಮಾತಾಡುವವರಿಗೆ ಒಂದು ತೇಪೆ, ಬಿಕ್ಕಳಿಕೆಯವರಿಗೆ ಒಂದು, ಅರ್ಧ ಮರಾಠಿ ಅರ್ಧ ಕನ್ನಡ ಆಡುವ ರಾಯಬಾಗದ ಕಡೆಯವರಿಗೆ ಒಂದು. ಹೊಸ ತೇಪೆ ಹಚ್ಚಿದಾಗಲೆಲ್ಲ ಹಳೆಯದು ಎಲ್ಲಿ ಹರಿಯಿತೋ ನೋಡಬೇಕು. ಅದಕ್ಕೆ ಪದ್ಮಾವತಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಂದು ಪದ್ಧತಿ ಹಾಕಿದಳು. ಮನುಷ್ಯ ಸಿಟ್ಟಿನಲ್ಲಿ ಆಡುವಷ್ಟು ವೇಗವಾಗಿ ಇನ್ಯಾವಾಗಲೂ ಆಡುವುದಿಲ್ಲ. ಉಸಿರು ಕಡಿಯುತ್ತದೆ, ದನಿ ಏರುತ್ತದೆ, ಮಾತಿನ ಮೇಲೆ ಮಾತು ಬೀಳುತ್ತದೆ. ಬೈಗುಳ ತೊಡರದೆ ಬಂತೆಂದರೆ ಉಳಿದದ್ದೆಲ್ಲ ಬಂದೇ ಬರುತ್ತದೆ. ಯಾವ ಬದಲಾವಣೆಯೂ ಬೈಗುಳದ ಪರೀಕ್ಷೆ ದಾಟದೆ ಜನರ ಕೊರಳಿಗೆ ಹೋಗಕೂಡದು.

ಮೊದಮೊದಲು ಯಾರ್‍ಯಾರೋ ಬೈದರು. ಹತ್ತೊಂಬತ್ತು ವರ್ಷದ ಹಿಂದೆ ತಂಗೆವ್ವನಿಗೇ ಗಂಟಲು ಕೊಯ್ದ ಮೇಲೆ ಆ ಗಾದಿ ಅವಳಿಗೆ ಬಂತು. ನಲವತ್ತು ವರ್ಷ ಬೀಡಿ ಕಟ್ಟಿದ ಹೆಂಗಸು. ಅವಳ ಹಳೆಯ ದನಿ ಎಲ್ಲೂ ಸಿಗದೆ ಪದ್ಮಾವತಿ ಬೀಗರ ಮನೆಯೆಲ್ಲ ಜಾಲಾಡಿದಾಗ ಯಾರದೋ ಮದುವೆಯ ವಿಡಿಯೋದಲ್ಲಿ ಐದು ನಿಮಿಷ ಸಿಕ್ಕಿತ್ತು. ಅದರಲ್ಲಿ ತಂಗೆವ್ವ ಅಡುಗೆಯವನಿಗೆ ಜಾಡಿಸುತ್ತಿದ್ದಳು. ಆ ಐದು ನಿಮಿಷದಿಂದಲೇ ದನಿ ಕಟ್ಟಿದ್ದು. ಹಾಗಾಗಿ ಅವಳು ದೇವರಿಗೆ ಕೈ ಮುಗಿದರೂ ಸ್ವಲ್ಪ ಗದರಿದ ಹಾಗೇ ಕೇಳುತ್ತಿತ್ತು.

ಹೀಗಿರುವಾಗ ಆ ತಿಂಗಳ ಮೊದಲ ವಾರ ಆಡಳಿತ ಮಂಡಳಿಯ ಕಾಗದ ಬಂತು. ಉಲಿಯನ್ನು ನಿಲ್ಲಿಸಲಾಗುವುದು. ಅದರ ಜಾಗದಲ್ಲಿ ‘ಇನಿದನಿ’ ಎಂಬ ಕಂಪನಿಯ ಹೊಸ ವ್ಯವಸ್ಥೆ ಬರುವುದು. ತಿಂಗಳ ಮೂವತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ಕೋಣೆಯ ಯಂತ್ರಗಳನ್ನು ಆರಿಸಿ ಕಂಪನಿಗೆ ಒಪ್ಪಿಸತಕ್ಕದ್ದು. ಹಳ್ಳಿಗಳ ಶಿಬಿರದಲ್ಲಿ ಇನ್ನೂರು ಜನ ಆಗಲೇ ಹೊಸ ಪಟ್ಟಿ ಕಟ್ಟಿ ನೋಡಿದ್ದಾರೆ, ನೂರಕ್ಕೆ ನೂರು ಜನ ಒಪ್ಪಿದ್ದಾರೆ. ಕಾಗದದ ಜೊತೆ ನೋಡಲಿಕ್ಕೆಂದು ಒಂದು ಹೊಸ ಪಟ್ಟಿಯನ್ನೂ ಕಳಿಸಿದ್ದರು.

“ನೂರಕ್ಕ ನೂರು?” ಇಮ್ತಿಯಾಜ್ ಹುಬ್ಬು ಏರಿಸಿದ. “ನಮ್ಮ ಮಂದಿ ನೂರಕ್ಕ ನೂರು ಮಂದಿ ಸೇರಿ ಇವತ್ತ ಯಾವ ವಾರ ಅಂತ ಒಪ್ಪಿಲ್ಲ ಪದ್ದಕ್ಕಾ.”

ಪದ್ಮಾವತಿ ಹೊಸ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದಳು. ಒಳಗೆ ಏನಿದೆ ಎಂದು ಬಿಚ್ಚಿ ನೋಡುವುದಕ್ಕಿಂತ ಕೊರಳಿಗೆ ಕಟ್ಟಿ ನೋಡಿದರೇ ತಿಳಿಯುವುದು ಎಂಬುದು ಅವಳ ಕಸುಬಿನ ಬುದ್ಧಿ. ಆದರೆ ಕಟ್ಟುವುದು ಯಾರ ಕೊರಳಿಗೆ? ರವಿವಾರ ತಂಗೆವ್ವ ಸ್ನಾನಕ್ಕೆ ಹೋದಾಗ ಗೂಟದ ಮೇಲಿದ್ದ ಅವಳ ಪಟ್ಟಿಯನ್ನು ತೆಗೆದು, ಅತ್ತೆಯ ದನಿ ತುಂಬಿದ್ದ ಹೊಸದನ್ನು ಅಲ್ಲೇ ಸಿಗಿಸಿದಳು. ಬಣ್ಣ ಒಂದೇ, ಬಕ್ಕಲ್ಲು ಒಂದೇ. ಒಂದು ಹೊತ್ತು ನೋಡೋಣ, ಆಮೇಲೆ ಹೇಳಿದರಾಯಿತು ಅಂದುಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತರು. ಗಂಡ ಮಹಾದೇವ ಬಸ್ ಡಿಪೋಕ್ಕೆ ಹೋಗಿದ್ದ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಪದ್ಮಾವತಿ ರೊಟ್ಟಿ ಬಡಿಸಿದಳು. ತಂಗೆವ್ವ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಎಂದಿನಂತೆ ಮೂಗು ಸೊಟ್ಟ ಮಾಡಿ, ಬಾಯಿ ತೆರೆದಳು.

“ರೊಟ್ಟಿ ತುಂಬಾ ಚೆನ್ನಾಗಿದೆ ಮಗಳೇ,” ಅಂದಿತು ಪಟ್ಟಿ.

ಪದ್ಮಾವತಿಯ ಕೈ ಹಾಗೇ ನಿಂತಿತು. ಸುಳ್ಳು ಯಾಕೆ ಹೇಳಬೇಕು, ಆ ಒಂದು ಗಳಿಗೆ ಅವಳ ಜೀವ ತಂಪಾಯಿತು. ಮೂವತ್ತು ವರ್ಷ ಈ ಒಂದು ಮಾತಿಗೆ ಅವಳು ಕಾದಿದ್ದಳು. ದೊಡ್ಡ ಇಂಜಿನಿಯರು, ನಾಲ್ಕು ಸಾವಿರ ಜನರಿಗೆ ಮಾತು ಕೊಟ್ಟವಳು, ಅತ್ತೆಯ ಬಾಯಿಂದ ಒಂದು ಶಭಾಸ್‌ಗಿರಿ ಬರಲಿ ಎಂದು ಎಳೆಯ ಹುಡುಗಿಯ ಹಾಗೆ ಆಸೆ ಇಟ್ಟುಕೊಂಡಿದ್ದಳು. ದನಿಯೂ ಅತ್ತೆಯದೇ. ಕಣ್ಣು ತುಂಬಿ ಬಂತು.

ಆಮೇಲೆ ತಂಗೆವ್ವನ ಮುಖ ನೋಡಿದಳು.

ಮುದುಕಿಯ ಕಣ್ಣುಗಳು ಅಗಲವಾಗಿದ್ದವು. ಒಂದು ಕೈ ಕೊರಳ ಮೇಲಿತ್ತು. ಕತ್ತಿನ ನರಗಳು ಬಿಗಿದು ಮತ್ತೆ ಏನೋ ಹೇಳಹೊರಟವು, ಪಟ್ಟಿ ಅದಕ್ಕೂ ಮೊದಲೇ, “ನಿನ್ನಂಥ ಸೊಸೆ ಸಿಕ್ಕಿದ್ದು ನನ್ನ ಪುಣ್ಯ,” ಅಂದುಬಿಟ್ಟಿತು. ತಂಗೆವ್ವ ಎರಡೂ ಕೈಯಿಂದ ಪಟ್ಟಿಯನ್ನು ಕಿತ್ತಳು. ಬಕ್ಕಲ್ಲು ಕತ್ತಿಗೆ ಗೀರಿ ರಕ್ತ ಬಂತು. ಪಟ್ಟಿಯನ್ನು ಬ್ಯಾಳಿಯ ಪಾತ್ರೆಗೆ ಎಸೆದಳು. ದನಿಯಿಲ್ಲದ ಬಾಯಿ ಅಲ್ಲಾಡಿತು, ತುಟಿ ಓದುವುದು ಪದ್ಮಾವತಿಗೆ ಬರುತ್ತಿತ್ತು.

ಯಾರ್ ಅಕಿ? ಅನ್ನುತ್ತಿದ್ದಳು ತಂಗೆವ್ವ. ನನ್ನ ಗಂಟಲದಾಗ ಮಾತಾಡಿದಾಕಿ ಯಾರ್ ಅಕಿ?

ಪದ್ಮಾವತಿ ಹಳೆಯ ಪಟ್ಟಿ ತಂದು ಕಟ್ಟಿದಳು. ತಂಗೆವ್ವ ಕತ್ತಿನ ರಕ್ತ ಒರೆಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

“ನನ್ನ ಕೇಳಿದ್ಯೇನು?”

ಅಂದಿನಿಂದ ತಂಗೆವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಓಣಿಯವರ ಜೊತೆ ಆಡುತ್ತಿದ್ದಳು, ಮಗನ ಜೊತೆ ಆಡುತ್ತಿದ್ದಳು, ಬೆಕ್ಕಿನ ಜೊತೆ ಕೂಡ. ಸೊಸೆ ಬಂದರೆ ಬಾಯಿ ಬಂದ್.

ಮರುದಿನ ಶೇಖಪ್ಪ ಮಾಸ್ತರರು ಕೋಣೆಗೆ ಬಂದರು. ಶಿಬಿರದಲ್ಲಿ ಹೊಸ ಪಟ್ಟಿ ಕಟ್ಟಿಸಿಕೊಂಡಿದ್ದ ಇನ್ನೂರು ಜನರಲ್ಲಿ ಒಬ್ಬರು, ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವರ ಮುಖದಲ್ಲಿ ಏನೋ ಕಮ್ಮಿಯಾಗಿದೆ ಅನ್ನಿಸಿತು ಪದ್ಮಾವತಿಗೆ. ಇಮ್ತಿಯಾಜ್ ಮೊದಲು ಕಂಡುಹಿಡಿದ. “ಮಾಸ್ತರ್ರ, ಮೀಸಿ ಎಲ್ಲ್ಯಾವ್ರಿ?”

ಮಾಸ್ತರರು ಕೊರಳ ಪಟ್ಟಿ ಬಿಚ್ಚಿ ಮೇಜಿನ ಮೇಲೆ ಕುಕ್ಕಿದರು. ಹಳೆಯದನ್ನು ಕೈಸನ್ನೆಯಲ್ಲಿ ಕೇಳಿ ಪಡೆದು ಕಟ್ಟಿಕೊಂಡ ಮೇಲೆ ಹೇಳಿದರು: “ಕ್ಷೌರಕ್ಕ ಕೂತಿದ್ದೆ. ಮೀಸಿ ತಗೀಲೇನ್ರಿ ಅಂತ ಅಂವಾ ಚೇಷ್ಟಿಗೆ ಕೇಳಿದ. ನಲವತ್ತೆರಡು ವರ್ಷದ ಮೀಸಿ! ಕೈ ಮುರೀತೀನಿ ಮಗನ ಅನ್ನಾಂವ ಇದ್ದೆ. ಬಾಯಿ ತಗಿಯೂದ್ರಾಗ ಇದು ‘ಆಗಲಿ, ತೆಗೆಯಿರಿ’ ಅಂತು. ಬ್ಯಾಡ ಅನ್ನಾಕ ಹ್ವಾದೆ, ‘ಧನ್ಯವಾದಗಳು’ ಅಂತು. ಕೈ ಎತ್ತೂದ್ರಾಗ ಅರ್ಧ ಹೋಗಿತ್ತು. ಅರ್ಧ ಮೀಸಿ ಇಟಗೊಂಡು ಏನ್ ಮಾಡ್ಲಿ, ಉಳಿದದ್ದೂ ಹೋತು.”

ಇಮ್ತಿಯಾಜನಿಗೆ ನಗು ತಡೆಯಲಾಗಲಿಲ್ಲ. ಆದರೆ ಮಾಸ್ತರರ ಗದ್ದ ಅದುರುತ್ತಿದ್ದುದನ್ನು ಕಂಡು ನಗು ಗಂಟಲಲ್ಲೇ ಉಳಿಯಿತು. “ಮತ್ತ ಒಪ್ಪಿಗಿ ಹೆಂಗ ಕೊಟ್ರಿ ಮಾಸ್ತರ್ರ? ಹೊಸ ಪಟ್ಟಿ ಆಗಬಹುದು ಅಂತ?”

“ನಾ ಎಲ್ಲಿ ಕೊಟ್ಟೆ? ಅದ ಕೊಟ್ಟಿತು.”

ಮಂಗಳವಾರ ಕಂಪನಿಯ ಪ್ರಣೀತ್ ಹೆಬ್ಬಾರ್ ಬಂದ. ಮೂವತ್ತೈದರ ಆಸುಪಾಸಿನ, ಮೃದುವಾಗಿ ಮಾತಾಡುವ ಮನುಷ್ಯ. ಕೆಟ್ಟವನೇನಲ್ಲ, ಕೆಟ್ಟವನಾಗಿದ್ದರೆ ಕೆಲಸ ಹಗುರಾಗುತ್ತಿತ್ತು. ಇನಿದನಿ ಹೇಗೆ ನಡೆಯುತ್ತದೆಂದು ಅವನೇ ಬಿಡಿಸಿ ಹೇಳಿದ. ರೋಗಿ ಮಾತು ಮುಗಿಸುವವರೆಗೆ ಅದು ಕಾಯುವುದಿಲ್ಲ. ಮೊದಲ ಅದುರು ಸಿಕ್ಕಿದೊಡನೆ, ಇಂಥ ಸಂದರ್ಭದಲ್ಲಿ ಲಕ್ಷಾಂತರ ಜನ ಏನನ್ನುತ್ತಾರೋ ಅದನ್ನು ಊಹಿಸಿ ಮಾತು ಪೂರೈಸುತ್ತದೆ. ಆಯಾಸ ಕಡಿಮೆ. ಜನ ಬಹುಪಾಲು ಹೂಂ ಅನ್ನುತ್ತಾರಾದ್ದರಿಂದ ಅದೂ ಹೂಂ ಕಡೆಗೇ ವಾಲುತ್ತದೆ. “ಕಟುವಾದ ಮಾತುಗಳನ್ನು ಅದು ಹದ ಮಾಡುತ್ತದೆ ಮೇಡಂ. ಮನೆಗಳಲ್ಲಿ ಜಗಳ ಕಡಿಮೆಯಾಗಿದೆ ಎಂದು ವರದಿ ಇದೆ.”

“ಜಗಳಾ ಆಡಾಂವಗ ಬಾಯಿ ಕಟ್ಟಿದ್ರ ಜಗಳಾ ಕಮ್ಮಿ ಆಗೂದರೀ ಮತ್ತ,” ಅಂದಳು ಪದ್ಮಾವತಿ. “ಆದ್ರ ನಮ್ಮದನ್ನ ಯಾಕ ನಿಲ್ಲಸ್ಬೇಕು? ಯಾರೇನು ಬ್ಯಾಡ ಅಂದಾರ?”

ಪ್ರಣೀತ್ ಸಂಕೋಚದಿಂದ ವರದಿ ಮುಂದಿಟ್ಟ. “ನಿಮ್ಮ ಮನಸ್ಸು ನೋಯಿಸಬಾರದು ಅಂತಿದ್ದೆ. ನಿಮ್ಮದೇ ದೂರಿನ ಕಡತ ನೋಡಿ. ಮೂವತ್ತೊಂದು ವರ್ಷದಲ್ಲಿ ಮುನ್ನೂರಾ ಎಪ್ಪತ್ತೆರಡು ದೂರುಗಳು. ತಿಂಗಳಿಗೊಂದು ತಪ್ಪಿಲ್ಲ. ಎಲ್ಲವೂ ಅತ್ಯಂತ ತೀವ್ರ. ಒಬ್ಬ ಹೆಂಗಸಂತೂ ಹತ್ತೊಂಬತ್ತು ವರ್ಷದಿಂದ ನಿಮ್ಮನ್ನು ವೈಯಕ್ತಿಕವಾಗಿ ಶಪಿಸುತ್ತಿದ್ದಾರೆ. ಬಳಕೆದಾರರಿಗೆ ಇಷ್ಟು ಅತೃಪ್ತಿ ಕೊಟ್ಟ ವ್ಯವಸ್ಥೆ ದೇಶದಲ್ಲೇ ಇನ್ನೊಂದಿಲ್ಲ.”

ಇಮ್ತಿಯಾಜ್ ಕುರ್ಚಿಯಿಂದ ಜಾರಿ ಬೀಳುವುದೊಂದು ಬಾಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪದ್ಮಾವತಿ ನಗಲಿಲ್ಲ. ಆ ಮೊದಲ ವರ್ಷ ಪರೀಕ್ಷೆಯ ಧ್ವನಿಮುದ್ರಣ ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ, ಆಸ್ಪತ್ರೆಯ ಕಡತದಲ್ಲಿ ಎರಡೇ ಖಾನೆಗಳಿದ್ದವು: ಮೆಚ್ಚುಗೆ, ದೂರು. ಬೈಗುಳವನ್ನು ಮೆಚ್ಚುಗೆ ಅನ್ನಲಾದೀತೇ ಎಂದು ಅವಳೇ ದೂರಿನ ಖಾನೆಗೆ ಹಾಕಿದ್ದಳು. ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ. ತನ್ನ ಕೈಯಾರೆ ಮೂವತ್ತೊಂದು ವರ್ಷ ತನ್ನ ಮೇಲೆ ತಾನೇ ದೂರು ಬರೆದುಕೊಂಡಿದ್ದಳು ಮಹಾರಾಯ್ತಿ!

ಅದನ್ನೆಲ್ಲ ಹೇಳಿದ ಮೇಲೆ ಪ್ರಣೀತನೂ ನಕ್ಕ. ಆದರೆ ನಗು ಮುಗಿದ ಮೇಲೆ ವರದಿಯನ್ನು ಮಡಚಿ, “ಮಂಡಳಿಯ ತೀರ್ಮಾನ ಆಗಿಹೋಗಿದೆ,” ಅಂದ. “ಅಲ್ಲದೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಉಲಿಯ ಒಳಗೆ ಏನೆಲ್ಲ ಇದೆ ಎಂದು ಬಲ್ಲವರು ಎಷ್ಟು ಜನ?”

“ನಾವಿಬ್ಬರು.”

“ನಿಮಗೆ ಐವತ್ತಾರು. ಇವರಿಗೆ ಐವತ್ತೊಂದು. ಆಮೇಲೆ?”

ಪದ್ಮಾವತಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಯಾಕೆಂದರೆ ಮಾತು ನಿಜವಿತ್ತು. ಈಗಿನ ಪಟ್ಟಿಗಳೊಳಗಿನ ಕಂಪ್ಯೂಟರ್ ಚಿಪ್‌ಗಳು ಗಟ್ಟಿ, ಉಲಿಯನ್ನು ಸಪೂರ ಮಾಡಿದರೆ ಇಡಿಯಾಗಿ ಪಟ್ಟಿಯೊಳಗೇ ಕೂರಿಸಬಹುದು, ಈ ಕೋಣೆಯೇ ಬೇಡ ಎಂದು ಇಮ್ತಿಯಾಜ್ ಎಂಟು ವರ್ಷದಿಂದ ಹೇಳುತ್ತಿದ್ದ. ನಡೆಯುತ್ತಿರುವುದಕ್ಕೆ ಕೈ ಹಚ್ಚಬೇಡ ಎಂದು ತಡೆದವಳು ಅವಳೇ. ಯಾರಿಗೂ ಕಲಿಸಿರಲಿಲ್ಲ. ತನ್ನ ಬಿಟ್ಟರೆ ಇಲ್ಲ ಎಂಬ ಜಂಬವೂ ಸ್ವಲ್ಪ ಇತ್ತು ಅನ್ನಿ.

“ಕೋಣೆ ಮತ್ತು ಯಂತ್ರ ಮೂವತ್ತರಂದು ನಮ್ಮದು,” ಅಂದ ಪ್ರಣೀತ್ ಏಳುತ್ತ. “ಪಟ್ಟಿಗಳು ಮಾತ್ರ ಅವರವರ ಸ್ವಂತದ್ದು, ಬೇಕಾದರೆ ಇಟ್ಟುಕೊಳ್ಳಲಿ. ಉಲಿಯೂ ಪಟ್ಟಿ ಕಟ್ಟಿದವರದೇ ಎಂದು ಆಸ್ಪತ್ರೆಯ ಮೂಲ ಪತ್ರದಲ್ಲಿದೆ, ಅದರ ಮೇಲೆ ನಮಗೆ ಹಕ್ಕಿಲ್ಲ. ಆದರೆ ಈ ಕೋಣೆಯಿಲ್ಲದೆ ಅದು ನಡೆಯುವುದಿಲ್ಲವಲ್ಲ.”

ಅವನು ಹೋದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಇನ್ನ ಹತ್ತೊಂಬತ್ತ ದಿನಾ ಅದಾವು,” ಅಂದ ಇಮ್ತಿಯಾಜ್.

“ಏಳು ಮತ್ತ, ಏನ್ ನನ್ನ ಮಾರಿ ನೋಡತೀ?” ಅಂದಳು ಪದ್ಮಾವತಿ. “ಆರಸ್ರಿ ಅಂದಾರ, ಆರಸೋಣು. ಆರಸೂದ್ರಾಗ ಇಲ್ಲಿ ಏನೂ ಉಳಿದಿರಬಾರದು.”

ಆ ದಿನಗಳ ಜಗಳ ಹೇಳತೀರದು. ಆರುನೂರಾ ಹದಿನಾಲ್ಕು ತೇಪೆಗಳು. ಇಮ್ತಿಯಾಜ್ ಎಲ್ಲ ಕಿತ್ತು ಹೊಸದಾಗಿ ಹೊಲಿಯೋಣ ಅಂದ. ಪದ್ಮಾವತಿ ಒಂದನ್ನೂ ಬಿಡಲೊಲ್ಲೆ ಅಂದಳು. ಬಿಕ್ಕಳಿಕೆಯ ತೇಪೆಗೆ ಬಂದಾಗ ಅವನು, “ಇದನ್ನ ಮಾಡಿಸಿಕೊಂಡ ಭೀಮಸಿ ಹೋಗಿ ಇಪ್ಪತ್ತ ವರ್ಷಾತು ಪದ್ದಕ್ಕಾ, ಗೋರಿಯೊಳಗ ಬಿಕ್ಕಳಿಕಿ ಬರಂಗಿಲ್ಲ,” ಅಂದ. ಅವಳು ಸಿಟ್ಟಿನಿಂದ ಎದ್ದು ಹೋಗಿ ಚಹಾ ಕುಡಿದು ಬಂದು, ತೇಪೆಯನ್ನು ತಾನೇ ಅಳಿಸಿದಳು. ಅಳಿಸಿ ನೋಡಿದರೆ ಬಿಕ್ಕಿ ಅಳುವವರ ಮಾತೂ ತೊಡರಿತು. ಅಂದರೆ ಆ ತೇಪೆ ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲದೆ ಅಳುವವರನ್ನು ಕಾಯುತ್ತಿತ್ತು. ಅದು ಉಳಿಯಿತು. ಹೀಗೆ ಒಂದೊಂದನ್ನೂ ಕಿತ್ತು ನೋಡಿ, ಹರಿದರೆ ಮರಳಿ ಹಚ್ಚಿ, ಎಂಬತ್ತೊಂಬತ್ತಕ್ಕೆ ತಂದು ನಿಲ್ಲಿಸಿದರು. ಪಟ್ಟಿ ಕಟ್ಟಿದವರಲ್ಲೇ ಆರು ಜನರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು ಪದ್ಮಾವತಿ. ಒಬ್ಬಾಕೆ ಟೇಲರು, ಒಬ್ಬ ಲಾರಿ ರಿಪೇರಿಯವನು. ಟೇಲರಮ್ಮನಿಗೆ ಎರಡೇ ದಿನದಲ್ಲಿ ಎಲ್ಲಿ ಹೊಲಿಗೆ ದಪ್ಪವಾಗಿದೆ ಎಂದು ತಿಳಿಯತೊಡಗಿತು. ಯಾರಿಗೂ ಬರಲಿಕ್ಕಿಲ್ಲ ಎಂದು ಇಷ್ಟು ವರ್ಷ ತಾನೇ ಗಂಟು ಕಟ್ಟಿ ಇಟ್ಟುಕೊಂಡಿದ್ದಕ್ಕೆ ಪದ್ಮಾವತಿಗೆ ನಾಚಿಕೆಯಾಯಿತು.

ಪರೀಕ್ಷೆಗೆ ತಂಗೆವ್ವ ಬರಲಿಲ್ಲ. ಶೇಖಪ್ಪ ಮಾಸ್ತರರು ಬೈದರು. ಅವರದು ಬೆಂಚಿನ ಮೇಲೆ ನಿಲ್ಲಿಸುವ ಬೈಗುಳ, “ಅಯೋಗ್ಯ, ನಿನ್ನ ತಂದೆಯನ್ನು ಕರೆದುಕೊಂಡು ಬಾ” ಎಂಬ ಧಾಟಿ. ಆದರೂ ಮೀಸೆ ನೆನಪಾದಾಗ ಚೆನ್ನಾಗಿ ಏರುತ್ತಿತ್ತು. ಏಳನೆಯ ದಿನ ಹತ್ತು ನಿಮಿಷ ತೊಡರದೆ ಬೈದು ಮುಗಿಸಿದರು. ಉಲಿ ಅವರ ಕೊರಳಪಟ್ಟಿಯೊಳಗೆ ತಾನಾಗಿಯೇ ನಡೆಯುತ್ತಿತ್ತು, ಕೋಣೆಯ ಹಂಗಿಲ್ಲದೆ.

ಇನ್ನು ನಾಲ್ಕು ಸಾವಿರದ ಇನ್ನೂರು ಜನರಿಗೆ ತಲುಪಿಸಬೇಕು. ಅದಕ್ಕೆ ಇಮ್ತಿಯಾಜ್ ಉಪಾಯ ಮಾಡಿದ್ದ. ಎರಡು ಪಟ್ಟಿಗಳನ್ನು ಮೂರು ನಿಮಿಷ ಒಂದಕ್ಕೊಂದು ತಾಗಿಸಿ ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಉಲಿ ಇಳಿಯುತ್ತದೆ. ಆಯಾ ಮನುಷ್ಯನ ದನಿ ಆ ಹೊತ್ತಿಗೆ ಕೋಣೆಯಿಂದ ಬಂದು ಸೇರುತ್ತದೆ. ಮೊದಲು ಸೋಮವಾರದ ಸಂತೆಯಲ್ಲಿ ಹಬ್ಬಿತು, ಆಮೇಲೆ ಬಸ್‌ಸ್ಟ್ಯಾಂಡುಗಳಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಸೀಮಂತದ ಮನೆಯಲ್ಲಿ. ಇಬ್ಬರು ಅಪರಿಚಿತರು ಕೊರಳಿಗೆ ಕೊರಳು ಹಚ್ಚಿ ನಿಂತಿರುವುದನ್ನು ಕಂಡು ಹುಬ್ಬೇರಿಸಿದವರೂ ಇದ್ದರು, ನಕ್ಕವರೂ ಇದ್ದರು. ಪದ್ಮಾವತಿ ಒಂದೇ ಕಟ್ಟಳೆ ಹಾಕಿದ್ದಳು. ಕೇಳಬೇಕು, ಬಾಯಿಬಿಟ್ಟು ಹೂಂ ಅನ್ನುವ ತನಕ ಕಾಯಬೇಕು, ಅದಕ್ಕೂ ಮೊದಲು ಪಟ್ಟಿ ತಾಗಿಸಕೂಡದು. ಒಲ್ಲೆ ಅಂದವರೂ ಇದ್ದರು. ನೂರಾ ಹತ್ತು ಜನ ಇನಿದನಿಯೇ ಇರಲಿ, ಆಯಾಸ ಕಮ್ಮಿ ಅಂದರು. ಅದೂ ಸರಿ, ಅವರ ಗಂಟಲು ಅವರದು.

ಇಪ್ಪತ್ತೊಂಬತ್ತರ ಸಂಜೆಗೆ ಯಾದಿಯಲ್ಲಿ ಒಂದೇ ಹೆಸರು ಉಳಿಯಿತು. ತಂಗೆವ್ವ.

ಪದ್ಮಾವತಿ ದಿನಕ್ಕೆರಡು ಸಲ ಕೇಳಿದ್ದಳು. ಬೆಳಿಗ್ಗೆ ಚಹಾ ಕೊಡುವಾಗ ಒಮ್ಮೆ, ಮಧ್ಯಾಹ್ನ ತಾಟು ಇಡುವಾಗ ಒಮ್ಮೆ. ಮುದುಕಿ ಗೋಡೆ ನೋಡುತ್ತಿದ್ದಳು. ಮಹಾದೇವ ಹೇಳಿ ನೋಡಿದ, ಮಾಸ್ತರರು ಹೇಳಿ ನೋಡಿದರು. ಇಮ್ತಿಯಾಜ್ ತಾಳಲಾರದೆ ದನಿ ತಗ್ಗಿಸಿ, “ಗೂಟಕ್ಕಿದ್ದಾಗ ಹಾಕಿಬಿಡ್ರಿ ಪದ್ದಕ್ಕಾ. ಆಕಿಗೆ ಗೊತ್ತೂ ಆಗಂಗಿಲ್ಲ. ಕೋಣಿ ಆರಿದ್ರ ಆ ದನಿ ಮತ್ತ ಹುಟ್ಟಂಗಿಲ್ಲ,” ಅಂದ.

“ಆ ಕೆಲಸಾ ಒಮ್ಮಿ ಮಾಡೇನಿ,” ಅಂದಳು ಪದ್ಮಾವತಿ. “ಇನ್ನೊಮ್ಮಿ ಮಾಡಂಗಿಲ್ಲ.”

ಮೂವತ್ತರ ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆ ತುಂಬಿತ್ತು. ಕೋಣೆ ಆರುವುದನ್ನು ನೋಡಲು ಪಟ್ಟಿ ಕಟ್ಟಿದವರು ಅರವತ್ತು ಜನ ಬಂದಿದ್ದರು. ಪ್ರಣೀತ್ ಹತ್ತೂವರೆಗೆ ಕಾಗದಪತ್ರ ಹಿಡಿದು ಬಂದ. ತಾನು ಇಷ್ಟು ಜನರ ಮಾತು ಕಸಿಯಲು ಬಂದವನಂತೆ ಅವನಿಗೇ ಮುಜುಗರವಾಗಿತ್ತು. ಹೊಸ ಪಟ್ಟಿಗಳ ಎರಡು ಪೆಟ್ಟಿಗೆ ತಂದಿದ್ದ, ಯಾರಿಗೂ ಒಂದು ದಿನ ಕೂಡ ಮೂಕರಾಗಿರುವುದು ಬೇಡ ಎಂದು.

ಹತ್ತೂ ಮುಕ್ಕಾಲಿಗೆ ತಂಗೆವ್ವ ಮಾಸ್ತರರ ತೋಳು ಹಿಡಿದು ಒಳಗೆ ಬಂದಳು. ಯಾರನ್ನೂ ನೋಡದೆ ತನ್ನ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. ಪದ್ಮಾವತಿ ಎದ್ದು ಬಂದು ಅವಳ ಎದುರು ನೆಲದ ಮೇಲೆ ಕೂತಳು.

“ಅತ್ತೀ, ತಪ್ಪು ನಂದ. ಕೇಳದ ಕಟ್ಟಿದೆ. ಈಗ ಕೇಳತೀನಿ. ನಿಮ್ಮ ದನಿ ನಿಮ್ಮ ಪಟ್ಟಿಯೊಳಗ ಇಡ್ಲೇನ್ರಿ?”

ತಂಗೆವ್ವ ಸುಮ್ಮನಿದ್ದಳು. ಹತ್ತು ಐವತ್ತು ಆಯಿತು. ಐವತ್ತೆರಡು. ಇಳಿಸಲು ಮೂರು ನಿಮಿಷ ಬೇಕು. ಪಡಸಾಲೆಯವರು ಬಾಗಿಲಲ್ಲಿ ಮುಗಿಬಿದ್ದಿದ್ದರು.

ಏನು ನಡೆಯುತ್ತಿದೆ ಎಂದು ಪ್ರಣೀತನಿಗೆ ಪೂರ್ತಿ ತಿಳಿಯಲಿಲ್ಲ. ಯಾವುದೋ ಹಳೆಯ ದನಿಯನ್ನು ಉಳಿಸಿಕೊಳ್ಳುವ ಮಾತು ಅಂದುಕೊಂಡ. ಮರುಕದಿಂದಲೇ ಬಾಗಿ, “ಮೇಡಂ, ಅಮ್ಮ ಸುಮ್ಮನಿದ್ದಾರೆ ಅಂದರೆ ಒಪ್ಪಿಗೆ ಅಂತಲೇ ಅಲ್ಲವೇ? ನಾನೇನೂ ಅನ್ನುವುದಿಲ್ಲ, ಬೇಗ ಮಾಡಿಬಿಡಿ,” ಅಂದ.

“ಸುಮ್ಮನಿದ್ದಾರ ಅಂದ್ರ ಸುಮ್ಮನಿದ್ದಾರ, ಅಷ್ಟ,” ಪದ್ಮಾವತಿಯ ದನಿ ಒಡೆಯಿತು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಆಕಿ ಹೇಳಲಿಲ್ಲ ಅಂದ್ರ ಹಾಕಂಗಿಲ್ಲ. ಹನ್ನೊಂದಕ್ಕ ನಾನ ಗುಂಡಿ ಒತ್ತತೀನಿ. ಆ ದನಿ ನಾನ ಕಟ್ಟೇನಿ, ನಾನ ಕಳಕೋತೀನಿ. ಆದ್ರ ಆಕಿ ಬಾಯಾಗ ನಾ ಮಾತು ಇಡಂಗಿಲ್ಲ. ನೀವೂ ಇಡಾಕ ಬರಬ್ಯಾಡ್ರಿ!”

ಐವತ್ತೈದು.

ತಂಗೆವ್ವ ತಲೆ ತಿರುಗಿಸಿ ಸೊಸೆಯನ್ನು ನೋಡಿದಳು. ಇಪ್ಪತ್ತೊಂದು ದಿನದ ಮೇಲೆ ಮೊದಲ ಸಲ ನೆಟ್ಟಗೆ ನೋಡಿದಳು. ಕತ್ತಿನ ನರಗಳು ಬಿಗಿದವು, ಸಡಿಲಾದವು, ಮತ್ತೆ ಬಿಗಿದವು.

“ಹಾಕು,” ಅಂದಳು. ಒಂದು ಉಸಿರು ಬಿಟ್ಟು, “ನೀ ಅಳತಿ ಅಂತಲ್ಲ. ನನ್ನ ದನಿ ನನಗ ಬೇಕಂತ.”

ಶೇಖಪ್ಪ ಮಾಸ್ತರರು ಬಗ್ಗಿ ತಮ್ಮ ಕೊರಳನ್ನು ಅವಳ ಕೊರಳಿಗೆ ಹಚ್ಚಿದರು. ಅಷ್ಟು ವಯಸ್ಸಿನ ಇಬ್ಬರೂ ನಾಚಿಕೊಂಡು ಬೇರೆ ಬೇರೆ ಕಡೆ ನೋಡುತ್ತಿದ್ದರು. ಪರದೆಯ ಮೇಲೆ ಗೆರೆ ಇಷ್ಟಿಷ್ಟೇ ಏರಿತು. ಐವತ್ತೊಂಬತ್ತಕ್ಕೆ ತುಂಬಿತು.

ಪದ್ಮಾವತಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯ ಬಳಿ ಹೋದಳು. ಹನ್ನೊಂದು ಹೊಡೆಯಿತು. ಗುಂಡಿ ಒತ್ತಿದಳು. ಒಂದೊಂದೇ ಯಂತ್ರದ ದೀಪ ಆರಿತು, ಫ್ಯಾನುಗಳ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಮೂವತ್ತೊಂದು ವರ್ಷದಲ್ಲಿ ಆ ಕೋಣೆ ಇಷ್ಟು ನಿಶ್ಶಬ್ದವಾಗಿದ್ದು ಇದೇ ಮೊದಲು.

ಪ್ರಣೀತ್ ತಲೆ ತಗ್ಗಿಸಿ ನಿಂತಿದ್ದ, ಪಡಸಾಲೆಯ ಅರವತ್ತು ಜನ ಮೂಕರಾಗುವುದನ್ನು ನೋಡಲಾರದೆ. ಆದರೆ ಪಡಸಾಲೆಯಲ್ಲಿ ಗದ್ದಲ ಜೋರಾಯಿತು. ಯಾರೋ ಚಹಾ ತರಿಸ್ರಿ ಅಂದರು, ಯಾರೋ ಸಕ್ಕರೆ ಬ್ಯಾಡ ಅಂದರು, ಟೇಲರಮ್ಮ ಲಾರಿಯವನ ಜೊತೆ ಯಾವುದಕ್ಕೋ ಜಗಳಕ್ಕೆ ಬಿದ್ದಿದ್ದಳು. ಅವನು ಆರಿದ ಯಂತ್ರಗಳನ್ನು ನೋಡಿದ, ಬಾಗಿಲ ಕಡೆ ನೋಡಿದ, ಕೊನೆಗೆ ಪದ್ಮಾವತಿಯನ್ನು ನೋಡಿದ. ನಿಧಾನಕ್ಕೆ ಅವನ ಮುಖದಲ್ಲಿ ಬೆಳಕು ಹರಿಯಿತು.

“ಕೋಣೆ ನಿಮ್ಮದು, ತಗೋರಿ,” ಅಂದ ಇಮ್ತಿಯಾಜ್, ಕೀಲಿಕೈ ಅವನ ಅಂಗೈಯಲ್ಲಿಟ್ಟು. “ಕಸಾ ಹೊಡದ ಕೊಟ್ಟೀವಿ.”

ಪ್ರಣೀತ್ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಪೆಟ್ಟಿಗೆಯಿಂದ ಹೊಸ ಪಟ್ಟಿಯೊಂದನ್ನು ತೆಗೆದು, ತಂಗೆವ್ವನ ಮುಂದೆ ಬಗ್ಗಿ, ನಿಜಕ್ಕೂ ತಿಳಿಯುವ ಆಸೆಯಿಂದ ಕೇಳಿದ: “ಅಮ್ಮಾ, ಇದು ನಿಮಗೆ ಬೇಕೇ?”

ತಂಗೆವ್ವ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಅವಸರವಿರಲಿಲ್ಲ. ಪ್ರಣೀತ್, “ಅಂದರೆ ನೀವು…” ಎಂದು ಬಾಯಿ ತೆರೆದ. ಪದ್ಮಾವತಿ ಕೈಯೆತ್ತಿ ತಡೆದಳು. ಅವನೂ ಕಾದ.

“ಒಲ್ಲೆ,” ಅಂದಳು ತಂಗೆವ್ವ.